ಮೂರು ಸೋಲುಗಳ ನಂತರ: ಸ್ವೀಡನ್ನಿನ ಒಬ್ಬ ರೈಟ್ ಬ್ಯಾಕ್ ಕೋಚ್ ಆದ ಪ್ರಕರಣ

ಈ ಪ್ರಕರಣದಲ್ಲಿ ಮುಖ್ಯ ವ್ಯಕ್ತಿಯ ಹೆಸರು ಬರೆಯುತ್ತಿಲ್ಲ. ಅವರ ಆಟಗಾರರ, ಜೊತೆಗಾರರ ಹೆಸರೂ ಇಲ್ಲ. ಫುಟ್‌ಬಾಲ್ ಬಲ್ಲವರು ಅರ್ಧ ಓದುವಷ್ಟರಲ್ಲಿ ಊಹಿಸಿಬಿಡುತ್ತಾರೆ, ಊಹಿಸಲಿ. ಹೆಸರು ಹೇಳಿದ ಕೂಡಲೇ ಅದರ ಬೆನ್ನಿಗೆ ಲಂಡನ್ನಿನ ಪತ್ರಿಕೆಗಳು, ಸಂಬಳದ ಲೆಕ್ಕ, ಖಾಸಗಿ ಬದುಕಿನ ಗುಸುಗುಸು ಎಲ್ಲ ನುಗ್ಗಿ ಬರುತ್ತವೆ. ಆ ಗದ್ದಲದಲ್ಲಿ 1979ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ನಡೆದದ್ದು ಮರೆಯಾಗುತ್ತದೆ. ತಂಡ ಕಟ್ಟುವವರು ಕಲಿಯಬೇಕಾದ್ದು ಇರುವುದೇ ಅಲ್ಲಿ. ಹಾಗಾಗಿ ಅವರನ್ನು ಇಲ್ಲಿ ‘ಕೋಚ್’ ಎಂದಷ್ಟೇ ಕರೆಯುತ್ತೇನೆ.

ನಾನು ಹದಿನಾರು ವರ್ಷದೊಳಗಿನ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವವನು. ದೊಡ್ಡ ಮಟ್ಟದಲ್ಲಿ ಎಂದೂ ಆಡಿದವನಲ್ಲ. ಈ ಪ್ರಕರಣಕ್ಕೆ ನಾನು ಮತ್ತೆ ಮತ್ತೆ ಮರಳುವುದಕ್ಕೆ ಅದೂ ಒಂದು ಕಾರಣ.

ಹಿನ್ನೆಲೆ

ಕೋಚ್ ಹುಟ್ಟಿದ್ದು 1948ರಲ್ಲಿ, ಸ್ವೀಡನ್ನಿನ ಪಶ್ಚಿಮಕ್ಕೆ ನಾರ್ವೆಗೆ ಅಂಟಿಕೊಂಡಿರುವ ವರ್ಮ್‌ಲ್ಯಾಂಡ್ ಸೀಮೆಯಲ್ಲಿ. ಕಾಡು, ಕೆರೆ, ಹಿಮ, ನಡುವೆ ಚಿಕ್ಕ ಚಿಕ್ಕ ಊರುಗಳು. ಅಪ್ಪ ಬಸ್ ಕಂಡಕ್ಟರ್, ಅಮ್ಮ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಹುಡುಗ ಊರಿನ ಕ್ಲಬ್ಬಿನಲ್ಲಿ ಆಟ ಶುರು ಮಾಡಿದ, ಆಮೇಲೆ ಸುತ್ತಮುತ್ತಲ ಪಟ್ಟಣಗಳ ಒಂದೆರಡು ಕ್ಲಬ್ ಸೇರಿದ. ಜಾಗ ರೈಟ್ ಬ್ಯಾಕ್, ಅಂದರೆ ಗೋಲು ಕಾಯುವ ಡಿಫೆಂಡರ್‌ಗಳ ಸಾಲಿನ ಬಲತುದಿ. ಶ್ರದ್ಧೆ ಇತ್ತು, ಶಿಸ್ತು ಇತ್ತು, ಹೇಳಿಕೊಳ್ಳುವಂಥ ಪ್ರತಿಭೆ ಇರಲಿಲ್ಲ. ಜೊತೆಜೊತೆಗೇ ಓದಿ ದೈಹಿಕ ಶಿಕ್ಷಣದ ಮೇಷ್ಟ್ರಾದ. ದೇಶದ ಪರವಾಗಿ ಆಡುವ ಮಾತು ಯಾವತ್ತೂ ಬರಲಿಲ್ಲ. 1975ರಲ್ಲಿ, ಇಪ್ಪತ್ತೇಳನೇ ವಯಸ್ಸಿಗೆ, ಮೊಣಕಾಲಿನ ಗಾಯದಿಂದ ಆಟ ನಿಂತೇಹೋಯಿತು.

ರೈಟ್ ಬ್ಯಾಕ್ ಆಗಿದ್ದದ್ದು ಸಣ್ಣ ಸಂಗತಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಚೆಂಡು ತನ್ನ ಬದಿಯಲ್ಲಿದ್ದಾಗ ಏನು ಮಾಡಬೇಕೆಂದು ಯಾವ ರೈಟ್ ಬ್ಯಾಕ್‌ಗೂ ಗೊತ್ತು. ನಿಜವಾದ ಪರೀಕ್ಷೆ ಇರುವುದು ಚೆಂಡು ಆಚೆ ಬದಿಯ ಗೆರೆಯಲ್ಲಿದ್ದಾಗ. ಆಗ ಆತ ತನ್ನ ಗೆರೆ ಬಿಟ್ಟು ಒಳಕ್ಕೆ ಸರಿಯಬೇಕು, ಪಕ್ಕದವನಿಗೂ ತನಗೂ ನಡುವಿನ ಅಂತರ ಕಾಯಬೇಕು, ಮೂವರ ಸಾಲು ನೋಡಿಕೊಂಡು ನಾಲ್ಕನೆಯವನಾಗಿ ನಿಲ್ಲಬೇಕು. ಪ್ರೇಕ್ಷಕರ ಕಣ್ಣಿಗೆ ಈ ಕೆಲಸ ಬೀಳುವುದೇ ಇಲ್ಲ. ಆಟದ ಹೆಚ್ಚಿನ ಹೊತ್ತನ್ನು ಚೆಂಡಿಲ್ಲದೆ, ಜಾಗ ಅಳೆಯುತ್ತಾ ಕಳೆದ ಮನುಷ್ಯ ಮುಂದೆ ಜಾಗವನ್ನೇ ಪಾಠವಾಗಿ ಹೇಳಿಕೊಟ್ಟ.

ಆಟ ನಿಂತ ಮರುವರ್ಷವೇ ಮೊದಲ ತಿರುವು ಬಂತು. ಹಿಂದೆ ಕೋಚ್‌ನ ಜೊತೆ ಆಡುತ್ತಲೇ ತಂಡವನ್ನೂ ನಡೆಸಿದ್ದ ಹಿರಿಯರೊಬ್ಬರು ಡೆಗೆರ್‌ಫೋರ್ಸ್ ಎಂಬ ಕಬ್ಬಿಣದ ಕಾರ್ಖಾನೆಯ ಊರಿನ ಕ್ಲಬ್ಬಿಗೆ ಮುಖ್ಯ ತರಬೇತುದಾರರಾದರು. ಈತನನ್ನು ಸಹಾಯಕನನ್ನಾಗಿ ಕರೆದರು. ಸ್ವಲ್ಪ ಕಾಲದಲ್ಲೇ ಆ ಹಿರಿಯರಿಗೆ ರಾಷ್ಟ್ರೀಯ ತಂಡದಿಂದ ಕರೆ ಬಂತು, ಮೂರನೇ ದರ್ಜೆಯ ಆ ಪುಟ್ಟ ಕ್ಲಬ್ಬು ಇಪ್ಪತ್ತೊಂಬತ್ತರ ಆಸುಪಾಸಿನ ಯುವಕನ ಕೈಗೆ ಬಂತು. 1978ರ ಕೊನೆಗೆ ತಂಡ ಎರಡನೇ ದರ್ಜೆಗೆ ಏರಿತು.

ಡೆಗೆರ್‌ಫೋರ್ಸ್‌ನಲ್ಲಿ ಆತ ಎರಡು ಕೆಲಸ ಮಾಡಿದ. ಮೊದಲನೆಯದು, ಇಂಗ್ಲೆಂಡಿನವರ ಆಟವನ್ನು ಹೋಗಿ ನೋಡಿದ್ದು. ಇಪ್ಸ್‌ವಿಚ್‌ನಲ್ಲಿ ಬಾಬಿ ರಾಬ್ಸನ್ ತಂಡ ನಡೆಸುವ ರೀತಿಯನ್ನು ಹತ್ತಿರದಿಂದ ಕಂಡು ಬಂದ. ಎರಡನೆಯದು, ನಾರ್ವೆಯ ಒಬ್ಬ ಮನಶ್ಶಾಸ್ತ್ರಜ್ಞರ ಜೊತೆ ಕೈಜೋಡಿಸಿದ್ದು. ಆಟಗಾರನನ್ನು ತಡೆಯುವುದು ಎದುರಾಳಿಗಿಂತ ಹೆಚ್ಚಾಗಿ ಸೋಲಿನ ಭಯ, ಕಾಲಿಗೆ ಅಭ್ಯಾಸ ಕೊಟ್ಟಂತೆ ಆ ಭಯಕ್ಕೂ ಅಭ್ಯಾಸ ಕೊಡಬೇಕು ಎನ್ನುವುದು ಅವರ ನಿಲುವು. ಕಣ್ಣು ಮುಚ್ಚಿ, ಉಸಿರು ಹದಕ್ಕೆ ತಂದು, ಬರುವ ಮ್ಯಾಚಿನ ಸನ್ನಿವೇಶವನ್ನು ಮನಸ್ಸಿನಲ್ಲೇ ಆಡಿ ನೋಡುವ ಅಭ್ಯಾಸ. ಎಪ್ಪತ್ತರ ದಶಕದಲ್ಲಿ, ಕಾರ್ಖಾನೆ ಊರಿನ ಮೂರನೇ ದರ್ಜೆಯ ತಂಡಕ್ಕೆ ಇದನ್ನು ತರುವುದಕ್ಕೆ ಧೈರ್ಯ ಬೇಕಿತ್ತು. ಈ ಎರಡನೇ ಕೆಲಸವನ್ನು ಓದುಗರು ನೆನಪಿಟ್ಟುಕೊಳ್ಳಲಿ, ಕೊನೆಯಲ್ಲಿ ಬೇಕಾಗುತ್ತದೆ.

ಸಮಸ್ಯೆ

1979ಕ್ಕೆ ಗೋಥೆನ್‌ಬರ್ಗ್‌ನ ನೀಲಿ-ಬಿಳಿ ಕ್ಲಬ್ಬು ಆತನನ್ನು ಕರೆಯಿತು. ದೇಶದಲ್ಲೇ ಅತಿ ದೊಡ್ಡ ಅಭಿಮಾನಿ ಬಳಗದ ಕ್ಲಬ್ಬುಗಳಲ್ಲಿ ಅದೊಂದು. 1969ರಲ್ಲಿ ಲೀಗ್ ಗೆದ್ದು, ಮರುವರ್ಷವೇ ಕೆಳ ದರ್ಜೆಗೆ ಬಿದ್ದು, ವರ್ಷಗಟ್ಟಲೆ ಅಲ್ಲೇ ಒದ್ದಾಡಿ 1977ರಲ್ಲಷ್ಟೇ ಮೇಲಕ್ಕೆ ಬಂದಿತ್ತು. ಊರು ಹಡಗು ಕಟ್ಟುವವರದು, ಅದೇ ಹೊತ್ತಿಗೆ ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ವಾರಕ್ಕೊಮ್ಮೆ ಸ್ಟೇಡಿಯಮ್ಮಿಗೆ ಬರುವ ಜನರಿಗೆ ಕಣ್ತುಂಬುವ ಆಟ ಬೇಕಿತ್ತು. ನುಗ್ಗುವ, ಗೋಲು ಹೊಡೆಯುವ, ಒಬ್ಬ ಆಟಗಾರ ನಾಲ್ವರನ್ನು ದಾಟುವ ಆಟ.

ಅಂಥಲ್ಲಿಗೆ ಬಂದದ್ದು ಮೆಲುದನಿಯ, ಸಂಕೋಚದ ಒಬ್ಬ ಮಾಜಿ ರೈಟ್ ಬ್ಯಾಕ್. ಆ ತಂಡದಲ್ಲಿದ್ದ ಡಿಫೆಂಡರ್ ಒಬ್ಬರು ಮುಂದೆ ನೆನಪಿಸಿಕೊಂಡಂತೆ, ಆಟಗಾರನಾಗಿಯಾಗಲಿ ತರಬೇತುದಾರನಾಗಿಯಾಗಲಿ ಆತನ ಹೆಸರನ್ನು ಅವರು ಕೇಳಿರಲಿಲ್ಲ, ಮರ್ಯಾದೆ ಕೊಡುವುದಕ್ಕೂ ಕಾಲ ಹಿಡಿಯಿತು.

ಅದರ ಮೇಲೆ ಆತ ತಂದದ್ದು ದೇಶವನ್ನೇ ಎರಡು ಪಾಲು ಮಾಡಿದ್ದ ಪದ್ಧತಿ. 1974ರಲ್ಲಿ ಬಾಬ್ ಹೌಟನ್ ಎಂಬ ಇಂಗ್ಲಿಷ್ ಯುವ ಕೋಚ್ ಮಾಲ್ಮೊ ನಗರಕ್ಕೆ ಬಂದು, ನಾಲ್ಕು-ನಾಲ್ಕು-ಎರಡರ (ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು) ಗಟ್ಟಿ ರಚನೆಯಲ್ಲಿ ಆಡಿಸಿ ಅದೇ ವರ್ಷ ಲೀಗ್ ಗೆಲ್ಲಿಸಿದ್ದ. ಅವನ ಗೆಳೆಯ ರಾಯ್ ಹಾಜ್ಸನ್ 1976ರಲ್ಲಿ ಹಾಲ್ಮ್‌ಸ್ಟಾಡ್ ಎಂಬ ಸಣ್ಣ ಕ್ಲಬ್ಬನ್ನು ಅದೇ ದಾರಿಯಲ್ಲಿ ಚಾಂಪಿಯನ್ ಮಾಡಿದ್ದ. ಹಳೆಯ ಕ್ರಮದಲ್ಲಿ ಪ್ರತಿ ಡಿಫೆಂಡರ್‌ಗೂ ಒಬ್ಬ ಎದುರಾಳಿ ಗೊತ್ತಾಗಿರುತ್ತಿದ್ದ, ಎಲ್ಲರ ಹಿಂದೆ ಒಬ್ಬ ಬಿಡಿಯಾಗಿ ನಿಂತು ತಪ್ಪು ಸರಿಪಡಿಸುತ್ತಿದ್ದ. ಹೊಸ ಕ್ರಮದಲ್ಲಿ ಕಾಯಬೇಕಾದ್ದು ಆಳನ್ನಲ್ಲ, ಜಾಗವನ್ನು. ನಾಲ್ವರು ಒಂದೇ ಗೆರೆಯಲ್ಲಿ, ಅವರ ಮುಂದೆ ಇನ್ನೂ ನಾಲ್ವರು. ಚೆಂಡು ಸರಿದತ್ತ ಎಂಟೂ ಜನ ಒಟ್ಟಿಗೆ ಸರಿಯಬೇಕು. ಇದು ಆಟವೇ ಅಲ್ಲ, ಯಂತ್ರ, ಸ್ವೀಡನ್ನಿನ ಫುಟ್‌ಬಾಲಿನ ಜೀವ ತೆಗೆಯುತ್ತಿದ್ದಾರೆ ಎಂದು ವಿರೋಧಿಗಳು ಬರೆದರು, ಕೂಗಿದರು.

ಗೋಥೆನ್‌ಬರ್ಗ್‌ನ ಜನ ಆ ಕೂಗಿನ ಕಡೆಗಿದ್ದರು. ಹೊಸ ಕೋಚ್ ಬಂದ ಮೇಲೆ ಆಡಿದ ಮೊದಲ ಮೂರು ಮ್ಯಾಚುಗಳನ್ನೂ ತಂಡ ಸೋತಿತು.

ಏನು ಮಾಡಿದರು

ಇಂಥ ಹೊತ್ತಿನಲ್ಲಿ ಕೋಚ್‌ನ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಪದ್ಧತಿ ಬದಲಿಸಿ ಆಟಗಾರರಿಗೆ ಒಗ್ಗುವ ಹಳೆಯ ಆಟಕ್ಕೆ ಮರಳುವುದು ಒಂದು. ಅಥವಾ ದನಿ ಎತ್ತಿ, ಒಂದಿಬ್ಬರನ್ನು ಹೊರಗೆ ಕೂರಿಸಿ, ಅಧಿಕಾರ ತೋರಿಸುವುದು. ನಾನು ಎರಡನ್ನೂ ಮಾಡಿದ್ದೇನೆ, ಎರಡರ ಫಲವನ್ನೂ ಉಂಡಿದ್ದೇನೆ.

ಈ ಕೋಚ್ ಎರಡನ್ನೂ ಮಾಡಲಿಲ್ಲ. ರಾಜೀನಾಮೆ ಕೊಡಲು ಮುಂದಾದ. ಉಳಿಯಿರಿ ಎಂದು ಒತ್ತಾಯಿಸಿದವರು ಆಟಗಾರರು. ಆತ ಉಳಿದ, ಪದ್ಧತಿಯೂ ಉಳಿಯಿತು.

ಈ ಘಟ್ಟವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಇದನ್ನು ಜಾಣತನದ ಪಟ್ಟು ಎಂದು ಓದಿದರೆ ಪ್ರಕರಣದ ತಿರುಳೇ ತಪ್ಪಿಹೋಗುತ್ತದೆ. ಹೆಸರಿಲ್ಲದ ಕೋಚ್‌ಗೆ ದೊಡ್ಡ ಆಟಗಾರರ ಮುಂದೆ ಒಂದು ಸಹಜವಾದ ಆಸೆ ಹುಟ್ಟುತ್ತದೆ. ತನಗೆಲ್ಲ ಗೊತ್ತು ಎಂದು ತೋರಿಸಿಕೊಳ್ಳುವ ಆಸೆ. ಈತನಿಗೆ ತೋರಿಸಿಕೊಳ್ಳಲು ಇದ್ದದ್ದು ಡೆಗೆರ್‌ಫೋರ್ಸ್‌ನ ಎರಡು ವರ್ಷ ಮಾತ್ರ. ಅದನ್ನು ಮುಚ್ಚಿಡುವ ಬದಲು ಆಟಗಾರರ ಕೈಗೇ ತೀರ್ಮಾನ ಕೊಟ್ಟಂತಾಯಿತು. ಇರಿ ಎಂದ ಮೇಲೆ ಅವರು ಒಪ್ಪಿದ್ದು ಮನುಷ್ಯನನ್ನಷ್ಟೇ ಅಲ್ಲ, ಅವನ ಜೊತೆ ಬರುವ ನಾಲ್ಕು-ನಾಲ್ಕು-ಎರಡನ್ನೂ. ಅಲ್ಲಿಯವರೆಗೆ ಅದು ಮೇಲಿನಿಂದ ಹೇರಿದ್ದಾಗಿತ್ತು, ಆ ಮಾತಿನ ನಂತರ ಅವರೇ ಆರಿಸಿಕೊಂಡದ್ದಾಯಿತು.

ಇದು ಫಲಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅಷ್ಟು ಹೊತ್ತಿಗೆ ಪ್ರಾಕ್ಟೀಸಿನಲ್ಲಿ ಕೆಲಸ ನಡೆದಿತ್ತು. ಜಾಗದ ಮೇಲಿನ ಡಿಫೆನ್ಸ್ ಕಲಿಸುವುದು ಬಾಯಿಮಾತಿನಿಂದ ಆಗುವಂಥದ್ದಲ್ಲ. ಎದುರಾಳಿಗಳೇ ಇಲ್ಲದೆ ಹನ್ನೊಂದು ಜನರನ್ನು ಮೈದಾನದಲ್ಲಿ ನಿಲ್ಲಿಸಬೇಕು. ಚೆಂಡು ಎಡಗೆರೆಗೆ ಹೋಯಿತು ಎಂದುಕೊಳ್ಳಿ. ಲೆಫ್ಟ್ ಬ್ಯಾಕ್ ಅದರತ್ತ ನುಗ್ಗುತ್ತಾನೆ, ಪಕ್ಕದ ಸೆಂಟರ್ ಬ್ಯಾಕ್ ಅವನ ಬೆನ್ನಿಗೆ ಕವರ್ ಕೊಡುತ್ತಾನೆ, ಇನ್ನೊಬ್ಬ ಸೆಂಟರ್ ಬ್ಯಾಕ್ ಗೋಲಿನ ನೇರಕ್ಕೆ ಜಾರುತ್ತಾನೆ, ರೈಟ್ ಬ್ಯಾಕ್ ತನ್ನ ಬದಿಯನ್ನು ಪೂರ್ತಿ ಖಾಲಿ ಬಿಟ್ಟು ಒಳಕ್ಕೆ ಬರುತ್ತಾನೆ. ನಿಲ್ಲಿಸು. ಅಂತರ ನೋಡು. ಎರಡು ಹೆಜ್ಜೆ ಒಳಗೆ. ಮತ್ತೆ. ಚೆಂಡು ಹಿಂದಕ್ಕೆ ಹೋಯಿತು, ಇಡೀ ಸಾಲು ಮೇಲಕ್ಕೆ. ಮತ್ತೆ ನಿಲ್ಲಿಸು. ಒಬ್ಬ ಅರೆಕ್ಷಣ ತಡ ಮಾಡಿದರೆ ಎದುರಾಳಿಯ ಫಾರ್ವರ್ಡ್ ಆಫ್‌ಸೈಡ್ (ಪಾಸಿಗೆ ಮೊದಲೇ ಡಿಫೆಂಡರ್‌ಗಳ ಸಾಲು ದಾಟಿ ನಿಂತ ತಪ್ಪು) ಆಗದೆ ಗೋಲಿನ ಮುಂದೆ ಒಬ್ಬನೇ ನಿಂತಿರುತ್ತಾನೆ.

ನಮ್ಮ ಹುಡುಗರಿಗೆ ಇದನ್ನು ಕಲಿಸುವಾಗ ನಾಲ್ವರು ಡಿಫೆಂಡರ್‌ಗಳ ಸೊಂಟಕ್ಕೆ ಹಗ್ಗ ಕಟ್ಟುತ್ತೇನೆ. ಮೊದಲ ದಿನ ಹಗ್ಗ ಜಗ್ಗಿ ಇಬ್ಬರು ಬೀಳುತ್ತಾರೆ. ಮೂರನೇ ವಾರಕ್ಕೆ ಹಗ್ಗ ಸಡಿಲವೂ ಆಗದೆ ಬಿಗಿಯೂ ಆಗದೆ ನಾಲ್ವರ ನಡುವೆ ತೂಗತೊಡಗುತ್ತದೆ. ಆಮೇಲೆ ಬಿಚ್ಚಿದರೂ ಅದು ಅಲ್ಲೇ ಇರುತ್ತದೆ. ಬೇಸರ ತರಿಸುವ ಕೆಲಸ, ಹುಡುಗರು ಗೊಣಗುತ್ತಾರೆ. ಗೋಥೆನ್‌ಬರ್ಗ್‌ನ ತಾರೆಗಳು ಹೇಗೆ ಸಹಿಸಿಕೊಂಡಿರಬಹುದು ಎಂದು ಆಗೆಲ್ಲ ಯೋಚಿಸುತ್ತೇನೆ. ಅವರಲ್ಲೂ ಬಹುಪಾಲು ಜನ ಪೂರ್ಣಾವಧಿ ಆಟಗಾರರಲ್ಲ, ಬೇರೆ ಉದ್ಯೋಗವನ್ನೂ ಮಾಡುತ್ತಾ ಆಡುತ್ತಿದ್ದವರು.

ಏನಾಯಿತು

ಅದೇ 1979ರಲ್ಲಿ ತಂಡ ಲೀಗಿನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಬಾರಿಗೆ ಸ್ವೀಡಿಷ್ ಕಪ್ ಗೆದ್ದಿತು. ಆದರೂ ಜನ ಒಲಿಯಲಿಲ್ಲ, ಸ್ಟೇಡಿಯಮ್ಮಿಗೆ ಬರುವವರ ಸಂಖ್ಯೆ ಇಳಿಯಿತು. ಗೆದ್ದರೂ ಬೈಗುಳ ತಪ್ಪದ ಇಂಥ ಕಾಲ ಸೋಲಿಗಿಂತ ಕಷ್ಟದ್ದು. ಸೋತಾಗ ಬದಲಿಸಲು ಕಾರಣವಾದರೂ ಇರುತ್ತದೆ. ಕೋಚ್ ಬದಲಿಸಲಿಲ್ಲ. ಮುಂದಿನ ಎರಡು ಋತುಗಳಲ್ಲೂ ತಂಡ ಮೇಲಿನ ಸ್ಥಾನಗಳಲ್ಲೇ ಇತ್ತು, ಲೀಗ್ ಮಾತ್ರ ಕೈಗೆ ಬರಲಿಲ್ಲ.

1982ರ ವಸಂತಕ್ಕೆ ಬರುವಷ್ಟರಲ್ಲಿ ಕ್ಲಬ್ಬಿನ ಹಣಕಾಸು ನೆಲಕಚ್ಚಿತ್ತು. ಮೈದಾನದಲ್ಲಿ ಮಾತ್ರ ಬೇರೆಯೇ ಕಥೆ. ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುಇಎಫ್‌ಎ ಕಪ್ಪಿನಲ್ಲಿ ಫಿನ್ಲೆಂಡಿನ, ಆಸ್ಟ್ರಿಯಾದ, ರೊಮೇನಿಯಾದ ತಂಡಗಳನ್ನು ದಾಟಿ, ಸ್ಪೇನಿನ ವೆಲೆನ್ಸಿಯಾವನ್ನು, ಜರ್ಮನಿಯ ಕೈಸರ್ಸ್‌ಲಾಟರ್ನ್ ಅನ್ನು ಮಣಿಸಿ ಫೈನಲ್ ತಲುಪಿತ್ತು. ಎದುರಾಳಿ ಹ್ಯಾಂಬರ್ಗ್. ಆ ವರ್ಷ ಜರ್ಮನ್ ಲೀಗ್ ಗೆದ್ದ, ಮರುವರ್ಷ ಯುರೋಪಿಯನ್ ಕಪ್ಪನ್ನೇ ಗೆದ್ದ ತಂಡ.

ಫೈನಲ್ ಎರಡು ಮ್ಯಾಚುಗಳದ್ದು, ಮೇ 5ರಂದು ಗೋಥೆನ್‌ಬರ್ಗ್‌ನಲ್ಲಿ ಮೊದಲ ಲೆಗ್. ಕೊನೆಯ ನಿಮಿಷಗಳಲ್ಲಿ ಬಂದ ಒಂದೇ ಗೋಲು, 1-0. ಇಷ್ಟು ಸಣ್ಣ ಮುನ್ನಡೆ ಜರ್ಮನಿಯಲ್ಲಿ ಉಳಿಯುವುದಿಲ್ಲ ಎಂದೇ ಹೆಚ್ಚಿನವರ ಎಣಿಕೆ. ಮೇ 19ರಂದು ಹ್ಯಾಂಬರ್ಗ್‌ನಲ್ಲಿ ಸ್ವೀಡನ್ನಿನವರು 3-0 ಗೆದ್ದರು. ಒಟ್ಟು 4-0. ಇಡೀ ಟೂರ್ನಿಯ ಹನ್ನೆರಡು ಮ್ಯಾಚುಗಳಲ್ಲಿ ಒಂದನ್ನೂ ಸೋಲಲಿಲ್ಲ. ಯುರೋಪಿನ ಕಪ್ ಗೆದ್ದ ಮೊದಲ ಸ್ವೀಡಿಷ್ ಕ್ಲಬ್ ಅದು. ಹ್ಯಾಂಬರ್ಗ್ ಮುನ್ನುಗ್ಗಲೇಬೇಕಿತ್ತು, ನುಗ್ಗಿದಾಗ ಅದರ ಬೆನ್ನ ಹಿಂದೆ ಜಾಗ ತೆರೆದುಕೊಂಡಿತು. ಜಾಗ ಎಲ್ಲಿ ಹುಟ್ಟುತ್ತದೆ ಎಂದು ಮೂರು ವರ್ಷ ಹಗಲೂ ಇರುಳೂ ಓದಿದ ತಂಡಕ್ಕೆ ಅದನ್ನು ಬಳಸಿಕೊಳ್ಳುವುದೂ ಗೊತ್ತಿತ್ತು.

ಅದೇ ಬೇಸಿಗೆಯಲ್ಲಿ ಕೋಚ್ ಲಿಸ್ಬನ್ನಿನ ಬೆನ್ಫಿಕಾಗೆ ಹೋದ. ಅಲ್ಲಿಂದ ಮುಂದಿನದು ದೊಡ್ಡ ಪಯಣ, ಬೇಗ ದಾಟುತ್ತೇನೆ. ಪೋರ್ಚುಗಲ್ಲಿನಲ್ಲಿ ಮೊದಲ ಎರಡೂ ಋತುಗಳಲ್ಲಿ ಲೀಗ್ ಗೆಲುವು. ಆಮೇಲೆ ಇಟಲಿ. 1986ರ ಏಪ್ರಿಲ್‌ನಲ್ಲಿ ರೋಮಾ ತಂಡ ಬಹಳ ಹಿಂದಿನಿಂದ ಬಂದು ಯುವೆಂಟಸ್‌ನ ಸಮಕ್ಕೆ ನಿಂತಿತ್ತು, ಉಳಿದದ್ದು ಎರಡೇ ಮ್ಯಾಚು. ಆಗಲೇ ಕೆಳ ದರ್ಜೆಗೆ ಬಿದ್ದಾಗಿದ್ದ ಲೆಚ್ಚೆ ತಂಡದ ಎದುರು, ತವರಿನ ಒಲಿಂಪಿಕ್ ಸ್ಟೇಡಿಯಮ್ಮಿನಲ್ಲಿ, 2-3ರಿಂದ ಸೋತು ಲೀಗ್ ಕೈಚೆಲ್ಲಿತು. ಹದಿನಾಲ್ಕು ವರ್ಷಗಳ ನಂತರ, 2000ದ ಮೇ 14ರಂದು, ಅದೇ ಸ್ಟೇಡಿಯಮ್ಮಿನಲ್ಲಿ ಅದೇ ಊರಿನ ಇನ್ನೊಂದು ತಂಡ ಲ್ಯಾಟ್ಸಿಯೊಗೆ ಅವರು ಇಟಲಿಯ ಲೀಗ್ ಗೆಲ್ಲಿಸಿದರು. ತಮ್ಮ ಮ್ಯಾಚು ಮುಗಿಸಿ, ಪೆರೂಜಾದಲ್ಲಿ ಮಳೆಯಿಂದ ತಡವಾಗಿದ್ದ ಯುವೆಂಟಸ್ ಮ್ಯಾಚು ಮುಗಿಯುವವರೆಗೆ ಎಲ್ಲರೂ ಕಾದಿದ್ದರು. ಯುವೆಂಟಸ್ 0-1 ಸೋತಿತು.

2001ರಲ್ಲಿ ಇಂಗ್ಲೆಂಡ್ ರಾಷ್ಟ್ರೀಯ ತಂಡದ ಮೊದಲ ವಿದೇಶಿ ಕೋಚ್ ಆದರು. ಅದೇ ಸೆಪ್ಟೆಂಬರ್ 1ರಂದು ಮ್ಯೂನಿಕ್‌ನಲ್ಲಿ ಜರ್ಮನಿಯನ್ನು 5-1ರಿಂದ ಸೋಲಿಸಿದ್ದು ಇಂದಿಗೂ ಇಂಗ್ಲಿಷರ ಬಾಯಲ್ಲಿದೆ. 2002ರ ವಿಶ್ವಕಪ್, 2004ರ ಯೂರೊ, 2006ರ ವಿಶ್ವಕಪ್, ಮೂರರಲ್ಲೂ ಕ್ವಾರ್ಟರ್ ಫೈನಲ್‌ನಲ್ಲೇ ನಿಂತರು.

ಈ ಪ್ರಕರಣ ಏನು ಹೇಳುತ್ತದೆ

ಗೋಥೆನ್‌ಬರ್ಗ್ ವಿಷಯದಲ್ಲಿ ನನಗೆ ಗೆಲುವಿಗಿಂತ ದೊಡ್ಡದಾಗಿ ಕಾಣುವುದು ಆಮೇಲೆ ನಡೆದದ್ದು. ಕೋಚ್ ಹೋದ ಮೇಲೂ ತಂಡ ಬೀಳಲಿಲ್ಲ. ಅವರ ನಂತರ ಬಂದವರ ಕೈಯಲ್ಲಿ, 1987ರಲ್ಲಿ, ಅದೇ ಕ್ಲಬ್ ಅದೇ ಯುಇಎಫ್‌ಎ ಕಪ್ಪನ್ನು ಇನ್ನೊಮ್ಮೆ ಗೆದ್ದಿತು. ಒಬ್ಬನ ವರ್ಚಸ್ಸಿನ ಮೇಲೆ ನಿಂತ ತಂಡ ಹೀಗೆ ಐದು ವರ್ಷದ ಮೇಲೂ ನಿಲ್ಲುವುದಿಲ್ಲ. ಆಟಗಾರರು ತಾವೇ ಆರಿಸಿಕೊಂಡ ಪದ್ಧತಿ ಆದ್ದರಿಂದ ಅದು ಕೋಚ್‌ನ ಜೊತೆ ವಿಮಾನ ಹತ್ತಿ ಹೋಗಲಿಲ್ಲ ಎಂದು ನಾನು ನಂಬುತ್ತೇನೆ.

ಆ ಪದ್ಧತಿಯ ಒಂದು ಕವಲು ನಮ್ಮ ದೇಶಕ್ಕೂ ಬಂತು. ಮಾಲ್ಮೊದಲ್ಲಿ ಅದನ್ನು ಶುರು ಮಾಡಿದ ಬಾಬ್ ಹೌಟನ್ 2006ರಿಂದ 2011ರವರೆಗೆ ಭಾರತ ತಂಡದ ಕೋಚ್ ಆಗಿದ್ದರು. 2007ರಲ್ಲೂ 2009ರಲ್ಲೂ ದೆಹಲಿಯಲ್ಲಿ ನೆಹರೂ ಕಪ್ ಗೆದ್ದೆವು. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನವನ್ನು 4-1ರಿಂದ ಸೋಲಿಸಿದಾಗ ಮೂರು ಗೋಲು ಹೊಡೆದವರು ಸುನಿಲ್ ಛೆಟ್ರಿ, ಮುಂದೆ ಬೆಂಗಳೂರಿನ ಕ್ಲಬ್ಬಿಗೆ ಬಂದು ನಮ್ಮೂರಿನವರೇ ಆದವರು. ಆ ಗೆಲುವಿನಿಂದ 1984ರ ನಂತರ ಮೊದಲ ಸಲ ಭಾರತ ಏಷ್ಯನ್ ಕಪ್ಪಿಗೆ ಹೋಯಿತು. ಆ ತಂಡದ ಆಟವನ್ನೂ ಬಹಳ ಜನ ನೀರಸ ಎಂದರು. ನಾಲ್ಕು ಜನರ ಎರಡು ಸಾಲು, ಉದ್ದನೆಯ ಪಾಸು. ಸ್ವೀಡನ್ನಿನಲ್ಲಿ ಮೂವತ್ತು ವರ್ಷ ಹಿಂದೆ ಎದ್ದಿದ್ದ ದೂರು ಪದಪದವೂ ಮರಳಿ ಬಂದಂತಿತ್ತು.

ರಾಜೀನಾಮೆಯ ವಿಚಾರದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ, ಈ ಕಥೆ ಓದಿದ ಹುರುಪಿನಲ್ಲಿ, ಸತತ ಸೋಲಿನ ನಂತರ ನಾನೂ ನನ್ನ ಹುಡುಗರ ಮುಂದೆ ನಿಂತು ‘ನಿಮಗೆ ಬೇಡವಾದರೆ ಹೇಳಿ, ಬೇರೆಯವರನ್ನು ಕರೆಸೋಣ’ ಎಂದಿದ್ದೆ. ಯಾರೂ ಮಾತಾಡಲಿಲ್ಲ. ಹದಿನೈದು ವರ್ಷದ ಹುಡುಗರು ನೆಲ ನೋಡುತ್ತಾ ನಿಂತರು, ಗೋಲ್‌ಕೀಪರ್ ಅಳತೊಡಗಿದ. ಸೋಲಿನ ಭಾರವನ್ನು ಅವರ ತಲೆಯ ಮೇಲೆ ಇಳಿಸಿದ್ದೆ, ಅಷ್ಟೆ. ಗೋಥೆನ್‌ಬರ್ಗ್‌ನಲ್ಲಿದ್ದವರು ಬೆಳೆದ ಗಂಡಸರು, ತಮ್ಮ ಜೀವನದ ತೀರ್ಮಾನಗಳನ್ನು ತಾವೇ ಮಾಡುವವರು. ಆ ಕೋಚ್ ನಿಜಕ್ಕೂ ಹೊರಡಲು ತಯಾರಾಗಿದ್ದ. ನಾನು ತಯಾರಿರಲಿಲ್ಲ, ಹುಡುಗರಿಗೆ ಅದು ಗೊತ್ತಾಗಿತ್ತು.

ಇನ್ನು ಇಂಗ್ಲೆಂಡಿನ ಐದೂವರೆ ವರ್ಷ. ಬಹಳ ಜನ ಅಲ್ಲಿಯ ಸೋಲಿಗೆ ಅವರ ಶಾಂತ ಸ್ವಭಾವವನ್ನೇ ದೂರುತ್ತಾರೆ, ಬೆಂಚಿನ ಮೇಲೆ ಕೈಕಟ್ಟಿ ಕೂತರು, ಗುಡುಗಲಿಲ್ಲ ಎಂದು. ನಾನು ಒಪ್ಪುವುದಿಲ್ಲ. ಹ್ಯಾಂಬರ್ಗ್‌ನಲ್ಲೂ ಗುಡುಗಿರಲಿಲ್ಲ. ವ್ಯತ್ಯಾಸ ಇದ್ದದ್ದು ಸಮಯದಲ್ಲಿ. ಸಾಲು ಸರಿಯುವುದನ್ನು ದೇಹಕ್ಕೆ ಇಳಿಸಲು ಕ್ಲಬ್ಬಿನಲ್ಲಿ ಮೂರು ವರ್ಷ, ದಿನವೂ ಸಿಗುತ್ತದೆ. ರಾಷ್ಟ್ರೀಯ ತಂಡದಲ್ಲಿ ಸಿಗುವುದು ಮ್ಯಾಚಿನ ಹಿಂದುಮುಂದಿನ ಕೆಲವೇ ದಿನ. ಅಷ್ಟರಲ್ಲಿ ಕಟ್ಟಬಹುದಾದ್ದು ಪದ್ಧತಿಯಲ್ಲ, ಮನಸ್ಸು. ಅದಕ್ಕೆ ಬೇಕಾದ ಸಲಕರಣೆ ಅವರ ಹತ್ತಿರ ಡೆಗೆರ್‌ಫೋರ್ಸ್ ಕಾಲದಿಂದಲೇ ಇತ್ತು.

2004ರಲ್ಲಿ ಲಿಸ್ಬನ್ನಿನಲ್ಲಿ ಪೋರ್ಚುಗಲ್ ಎದುರು ಪೆನಾಲ್ಟಿಯಲ್ಲಿ ಸೋತಿದ್ದರು. 2006ರ ಜುಲೈ 1ರಂದು ಜರ್ಮನಿಯ ಗೆಲ್ಸೆನ್‌ಕಿರ್ಶೆನ್‌ನಲ್ಲಿ ಅದೇ ಪೋರ್ಚುಗಲ್, ಗೋಲಿಲ್ಲದ ಮ್ಯಾಚು, ಮತ್ತೆ ಪೆನಾಲ್ಟಿ. ಇಂಗ್ಲೆಂಡಿನ ಪರ ನಾಲ್ವರು ಒದ್ದರು. ಮೂವರ ಒದೆತವನ್ನು ಗೋಲ್‌ಕೀಪರ್ ತಡೆದ. ಲೀಗಿನಲ್ಲಿ ಪೆನಾಲ್ಟಿ ಹೊಡೆದು ರೂಢಿಯಿದ್ದ ಕಾಲುಗಳೂ ಅವುಗಳಲ್ಲಿ ಇದ್ದವು. ಪೆನಾಲ್ಟಿಗಾಗಿ ಒಬ್ಬ ಮಾನಸಿಕ ತರಬೇತುದಾರನನ್ನು ಕರೆದೊಯ್ಯಬೇಕಿತ್ತು, ಕರೆದೊಯ್ಯದಿದ್ದದ್ದು ತನ್ನ ತಪ್ಪು ಎಂದು ವರ್ಷಗಳ ನಂತರ ಅವರೇ ಹೇಳಿಕೊಂಡರು. ಮೂರನೇ ದರ್ಜೆಯ ಕಾರ್ಖಾನೆ ಊರಿನ ಹುಡುಗರಿಗೆ ಮರೆಯದೆ ಒದಗಿಸಿದ್ದನ್ನು, ಜಗತ್ತೇ ಬಲ್ಲ ಆಟಗಾರರಿಗೆ ಬೇಕಿಲ್ಲ ಎಂದುಕೊಂಡಿದ್ದರು.

ನಮ್ಮ ಮೈದಾನದಲ್ಲಿ ಈಗ ಪ್ರತಿ ಶುಕ್ರವಾರ ಪ್ರಾಕ್ಟೀಸ್ ಮುಗಿದ ಮೇಲೆ ಹುಡುಗರು ಐದು ನಿಮಿಷ ಹುಲ್ಲಿನ ಮೇಲೆ ಕಣ್ಣು ಮುಚ್ಚಿ ಮಲಗುತ್ತಾರೆ. ಚೆಂಡನ್ನು ಚುಕ್ಕೆಯ ಮೇಲೆ ಇಡುವುದು, ಹಿಂದಕ್ಕೆ ಎಣಿಸಿ ನಾಲ್ಕು ಹೆಜ್ಜೆ ಹಾಕುವುದು, ಉಸಿರು ಬಿಡುವುದು. ಆಮೇಲೆ ಎದ್ದು ಒಬ್ಬೊಬ್ಬರಾಗಿ ಒದೆಯುತ್ತಾರೆ. ಮೊದಲು ಒದೆಯುವವನು ಅಂದು ಅಳುತ್ತಿದ್ದ ಆ ಗೋಲ್‌ಕೀಪರ್‌ನ ತಮ್ಮ.